ಅರ್ಧ ಸುತ್ತು ಸಡಿಲ

ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಾನು ಇಪ್ಪತ್ತೆರಡು ಹಂಗಾಮು ಫಿಟ್ಟರ್ ಆಗಿದ್ದೆ. ಹಂಗಾಮು ಎಂದರೆ ದೀಪಾವಳಿ ಮುಗಿದು ಹತ್ತಿಯ ಗಾಡಿಗಳು ಬರತೊಡಗಿದಾಗಿನಿಂದ ಯುಗಾದಿಯ ತನಕ. ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇರಲಿಲ್ಲ. ಆದರೂ ಕೂಲಿಗಳನ್ನು 'ಲೇ' ಎಂದು ಕರೆಯುವ ಮಾಲಕರು ನನ್ನನ್ನು ಕರೆಯುವಾಗ 'ಮಿಸ್ತ್ರೀ, ಸ್ವಲ್ಪ ಬರ್ರಿ' ಎನ್ನುತ್ತಿದ್ದರು. ಆ 'ರಿ'ಯ ರುಚಿ ನನಗೆ ಚೆನ್ನಾಗಿ ಹತ್ತಿತ್ತು. ಅದೇ ನನ್ನನ್ನು ಕೆಡಿಸಿತು ಎಂದು ಈಗ ಹೇಳಬಲ್ಲೆ. ಆಗ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರವನ್ನು ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಚರ್ಮದ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿ ಮಾಡಿದ ರೋಲರ್ ಒಂದು ತಿರುಗುತ್ತಿರುತ್ತದೆ. ಅದಕ್ಕೆ ಆನಿಕೊಂಡು ಉಕ್ಕಿನ ಬ್ಲೇಡು ನಿಂತಿರುತ್ತದೆ. ಚರ್ಮ ಅರಳೆಯನ್ನು ಹಿಡಿದು ಎಳೆಯುತ್ತದೆ, ಬ್ಲೇಡು ಕಾಳನ್ನು ತಡೆಯುತ್ತದೆ. ಬ್ಲೇಡು ಸಡಿಲವಾದರೆ ಅರಳೆಯ ಜೊತೆಗೆ ಕಾಳೂ ನುಗ್ಗುತ್ತದೆ. ಬಿಗಿಯಾದರೆ ಚರ್ಮ ಕಾಯುತ್ತದೆ, ಹೊಗೆಯಾಡುತ್ತದೆ, ಆಮೇಲೆ ಅರಳೆಗೆ ಬೆಂಕಿ ಹತ್ತುತ್ತದೆ. ಇವೆರಡರ ನಡುವಿನ ಜಾಗ ಹುಡುಕುವುದಕ್ಕೆ 'ಸೆಟ್ಟಿಂಗ್' ಎನ್ನುತ್ತಿದ್ದೆವು. ಫಿಟ್ಟರನ ಅನ್ನವೆಲ್ಲ ಇದ್ದದ್ದು ಅದರಲ್ಲೇ.

ನಮ್ಮದು ಲಿಂಗ ಕಟ್ಟಿಕೊಂಡ ಒಕ್ಕಲುತನದ ಮನೆ. ಮಗ ಎಮ್ಮೆಯ ಚರ್ಮ ಮುಟ್ಟುವ ಕೆಲಸಕ್ಕೆ ಹೋಗುತ್ತಾನೆ ಎಂಬುದು ಅವ್ವನಿಗೆ ಕಡೆಯವರೆಗೂ ಸೇರಲಿಲ್ಲ. ಸಂಜೆ ಬಂದರೆ ಹಿತ್ತಲಿನಲ್ಲೇ ನೀರು ಇಟ್ಟಿರುತ್ತಿದ್ದಳು. ಮೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡ ಮೇಲೆಯೇ ಅಡುಗೆಮನೆಗೆ ಪ್ರವೇಶ. ಹೀಗೆ ಬೈಸಿಕೊಂಡು, ತೊಳೆಸಿಕೊಂಡು ಕಲಿತ ವಿದ್ಯೆ ಇದು. ಅದನ್ನು ಯಾರಿಗೂ ಪುಕ್ಕಟೆ ಕೊಡಬಾರದು ಎಂಬ ಹಠ ನನ್ನಲ್ಲಿ ಬೆಳೆಯಲು ಇದೂ ಒಂದು ಕಾರಣವಿರಬೇಕು.

ಕಲಿಸಿದವರು ನನ್ನ ಉಸ್ತಾದರು. ಆ ಜಿನ್ನಿನಲ್ಲೇ ಮುಪ್ಪಾದ ಮುಸಲ್ಮಾನರು, ಕೈಯಲ್ಲಿ ದೇವರಿದ್ದ ಮನುಷ್ಯ. ಆದರೆ ಕಲಿಸಿದರು ಎನ್ನುವುದು ಪೂರ್ತಿ ನಿಜವಲ್ಲ. ಒಂಬತ್ತು ವರ್ಷ ಅವರ ಕೈಕೆಳಗಿದ್ದರೂ ಸೆಟ್ಟಿಂಗಿನ ಅರ್ಧವನ್ನು ಮಾತ್ರ ನನಗೆ ತೋರಿಸಿದ್ದರು. ಬ್ಲೇಡಿನ ಬೋಲ್ಟು ತಿರುಗಿಸುವ ಪಾನಾ ಹಾಕಿ, ಹಲ್ಲು ಕಚ್ಚಿ, ಕಡೆಯ ಅರ್ಧ ಸುತ್ತು ಬಿಗಿಯುವುದು ಎಲ್ಲರಿಗೂ ಕಾಣುವಂತೆ ನಡೆಯುತ್ತಿತ್ತು. ಬಿಗಿದು, ಕೈ ಒರೆಸಿಕೊಂಡು, "ಆತು ನೋಡಪಾ, ಚಾ ಹೇಳಿ ಬಾ ಹೋಗು" ಎನ್ನುತ್ತಿದ್ದರು. ನಾನು ಚಹಾ ಹೇಳಿ ಬರುವಷ್ಟರಲ್ಲಿ ಯಂತ್ರ ಓಡುತ್ತಿರುತ್ತಿತ್ತು. ಅವರ ಕಣ್ಣಿಗೆ ಪರೆ ಬಂದು ಬೋಲ್ಟು ಕಾಣದಂತಾದ ಹಂಗಾಮಿನಲ್ಲಷ್ಟೇ ನನ್ನನ್ನು ಹತ್ತಿರ ಕೂರಿಸಿಕೊಂಡರು. ನನ್ನ ಕೈಯನ್ನು ತಮ್ಮ ಕೈಯಿಂದ ಹಿಡಿದು, ಬಿಗಿದ ಅದೇ ಅರ್ಧ ಸುತ್ತನ್ನು ಹಿಂದಕ್ಕೆ ತಿರುಗಿಸಿದರು. ಬಿಗಿಯುವುದು ಬ್ಲೇಡು ತನ್ನ ಜಾಗದಲ್ಲಿ ಕೂರಲಿ ಎಂದು. ಕೂತ ಮೇಲೆ ಅದಕ್ಕೆ ಉಸಿರು ಬಿಡಬೇಕು. ಆಮೇಲೆ ಮುಂಗೈಯನ್ನು ಚರ್ಮಕ್ಕೆ ತಾಗಿಸಿ ಶಾಖ ನೋಡಬೇಕು.

"ಇದು ನಿನ್ನ ಹೊಟ್ಟಿ ಐತಿ ಬೇಟಾ. ಯಾರ ಮುಂದೂ ಬಿಚ್ಚಬ್ಯಾಡ" ಅಂದರು.

ನಾನು ಬಿಚ್ಚಲಿಲ್ಲ. ನನ್ನ ಕೈಕೆಳಗೆ ಬಂದವನು ಉಗರಗೋಳದವನು. ಬಂದಾಗಲೇ ಮದುವೆಯಾಗಿ ಒಂದು ಹೆಣ್ಣುಮಗುವಿನ ತಂದೆ, ನನಗಿಂತ ಹತ್ತು ವರ್ಷ ಚಿಕ್ಕವನು. ಊರ ಹತ್ತಿರದ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ-ಕರ್ಪೂರ ಮಾರುವ ಮನೆಯ ವ್ಯಾಪಾರ ಬೇಡವೆಂದು ಕೈಕಸಬು ಹುಡುಕಿಕೊಂಡು ಬಂದಿದ್ದ. ನನಗೆ 'ಅಣ್ಣಾರ' ಎನ್ನುತ್ತಿದ್ದ. ಎಂಟು ವರ್ಷ ನನ್ನ ಪಾನಾ ತೊಳೆದ, ಗ್ರೀಸು ತುಂಬಿದ, ಅರಳೆ ಹಿಡಿಯಲೆಂದು ರೋಲರಿನ ಚರ್ಮಕ್ಕೆ ಗೆರೆ ಕೊಯ್ದ. ಅವನ ಕೈ ನನ್ನ ಕೈಗಿಂತ ಹಗುರವಾಗಿತ್ತು. ಅದು ನನಗೆ ಮೊದಲ ವರ್ಷವೇ ಗೊತ್ತಾಗಿ, ಅಂದಿನಿಂದ ಅವನನ್ನು ಚಹಾ ಹೇಳಲು ಕಳಿಸುವುದನ್ನು ನಾನು ಒಮ್ಮೆಯೂ ಮರೆಯಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಫಿಟ್ಟರುಗಳೇ ಇಲ್ಲದಂತಾಯಿತು. ಹಳಬರು ಒಬ್ಬೊಬ್ಬರಾಗಿ ತೀರಿಹೋದರು, ಕೆಲವರು ಇಚಲಕರಂಜಿ, ಪುಣೆಯ ಕಡೆ ಹೋದರು. ಕಲಿತು ಬರುವ ಹೊಸಬರು ಯಾರೂ ಇಲ್ಲ. ಯಾಕಿಲ್ಲ ಎಂದು ಮಾಲಕರು ತಲೆ ಕೆರೆದುಕೊಳ್ಳುತ್ತಿದ್ದರು. ನಾನೂ ಅವರೊಂದಿಗೆ ಕೂತು, "ಈಗಿನ ಮಂದಿಗೆ ಮೈ ಬಗ್ಗೂದಿಲ್ರೀ" ಎನ್ನುತ್ತಿದ್ದೆ. ಬೈಲಹೊಂಗಲದಲ್ಲಿ ಕೆಲಸ ಮುಗಿಸಿದರೆ ಯರಗಟ್ಟಿಯಿಂದ ಕರೆ, ಅಲ್ಲಿಂದ ಸವದತ್ತಿ, ವಾರಕ್ಕೊಮ್ಮೆ ರಾಮದುರ್ಗ. ಎಲ್ಲ ಕಡೆ 'ಬರ್ರಿ, ಕುಂಡ್ರಿ'. ಬಸ್ಸಿನ ಕಿಟಕಿಯ ಪಕ್ಕ ಪಾನಾದ ಚೀಲ ಇಟ್ಟುಕೊಂಡು ಕೂತಾಗ ನಾನೇ ಒಂದು ಸಂಸ್ಥಾನ ಆಳುತ್ತಿದ್ದೇನೆ ಅನಿಸುತ್ತಿತ್ತು.

ಬೆಂಕಿ ಬಿದ್ದ ದಿನವೂ ನಾನು ಯರಗಟ್ಟಿಯಲ್ಲಿದ್ದೆ. ಇಲ್ಲಿ ಬೈಲಹೊಂಗಲದಲ್ಲಿ ಬೆಳಿಗ್ಗೆಯೇ ಒಂದು ಯಂತ್ರ ನಿಂತಿದೆ. ಹೊರಗೆ ಹತ್ತಿಯ ಗಾಡಿಗಳ ಸಾಲು. ಮಾಲಕರು ಉಗರಗೋಳದವನನ್ನು ಕರೆದು, "ಎಂಟ ವರ್ಷ ಅವನ ಹಿಂದ ತಿರಗೀದಿ, ಒಂದು ಸೆಟ್ಟಿಂಗ್ ಮಾಡಾಕ ಬರೂದಿಲ್ಲೇನಲೇ?" ಎಂದಿದ್ದಾರೆ. ಅವನು ಮಾಡಿದ. ನಾನು ಮಾಡುವುದನ್ನು ಎಂಟು ವರ್ಷ ಹೇಗೆ ನೋಡಿದ್ದನೋ ಹಾಗೆಯೇ, ಒಂದು ಎಳೆ ತಪ್ಪದೆ ಮಾಡಿದ.

ಮಧ್ಯಾಹ್ನ ಬಸ್ಸಿಳಿದು ಬಂದರೆ ಜಿನ್ನಿನ ಮುಂದೆ ಮಂದಿ, ಕೊಡ, ನೀರು, ಕೆಸರು. ಅರಳೆಯ ಬೆಂಕಿ ಜ್ವಾಲೆ ಕಡಿಮೆ, ಒಳಗೊಳಗೇ ಹರಡುವುದು ಹೆಚ್ಚು. ಅವನು ಉರಿಯುವ ಅರಳೆಯನ್ನು ಬರಿಗೈಯಿಂದ ಬಾಚಿ ಬಾಚಿ ಅಂಗಳಕ್ಕೆ ಎಸೆದಿದ್ದನಂತೆ. ಹಾಗೆ ಮಾಡಿರದಿದ್ದರೆ ಇಡೀ ಶೆಡ್ ಹೋಗುತ್ತಿತ್ತು. ಒಂದು ಮೂಲೆಯಲ್ಲಿ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅಂಗೈ ಚರ್ಮ ಸುಲಿದಿತ್ತು. ಉರಿ ತಣಿಯಲೆಂದು ಯಾರೋ ಅದರ ಮೇಲೆ ಮಸಿ ಹಚ್ಚಿದ್ದರು. ನನ್ನನ್ನು ಕಂಡು, "ಅಣ್ಣಾರ, ನೀವು ಮಾಡಿದಂಗ ಮಾಡೇನ್ರಿ" ಎಂದ. ಆ ದನಿಯಲ್ಲಿ ನಂಬಿಕೆ ಇನ್ನೂ ಹಾಗೆಯೇ ಇತ್ತು.

ಮಾಲಕರು ನನ್ನನ್ನು ಯಂತ್ರದ ಹತ್ತಿರ ಕರೆದುಕೊಂಡು ಹೋದರು. "ನೋಡ್ರಿ ಮಿಸ್ತ್ರೀ, ಏನಾಗೇತಿ ಹೇಳ್ರಿ." ಕರಕಾದ ಚರ್ಮ ಇನ್ನೂ ನಾರುತ್ತಿತ್ತು. ನಾನು ಬೋಲ್ಟಿಗೆ ಪಾನಾ ಹಾಕಿದೆ. ಹಾಕಿದ ಕೂಡಲೇ ತಿಳಿಯಿತು. ಬಿಗಿದದ್ದು ಸರಿಯಾಗಿತ್ತು. ಬಿಟ್ಟಿರಲಿಲ್ಲ. ಬಿಡಬೇಕೆಂದು ಅವನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ನನ್ನ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಬಾಳ ಬಿಗಿ ಮಾಡ್ಯಾನ್ರೀ."

ಸುಳ್ಳಲ್ಲ ಅದು. ಈ ಒಂದು ನೆಪವನ್ನು ನಾನು ಎರಡು ವರ್ಷ ಹೆಗಲ ಮೇಲೆ ಹೊತ್ತು ತಿರುಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಬರೆ ಎಳೆಯುವ ಕಬ್ಬಿಣವನ್ನು ಕಾಯಿಸಿಕೊಟ್ಟವನು ನಾನು. ಅವನನ್ನು ಅಂದೇ ಬಿಡಿಸಿದರು. ಸುಟ್ಟ ಕೈಯ ಔಷಧಕ್ಕೂ ಏನೂ ಕೊಡಲಿಲ್ಲ.

ಆಮೇಲೆ ಅವನಿಗೆ ಎಲ್ಲಿಯೂ ಕೆಲಸ ಸಿಗಲಿಲ್ಲ. ಯರಗಟ್ಟಿ, ಸವದತ್ತಿ, ರಾಮದುರ್ಗ, ಎಲ್ಲ ಕಡೆ ಫಿಟ್ಟರ್ ಬೇಕಾಗಿತ್ತು, ಎಲ್ಲ ಕಡೆ ಅವನು ಹೋಗಿ ನಿಂತ. 'ಬೆಂಕಿ ಹಚ್ಚಿದವ' ಎಂಬ ಹೆಸರು ಅವನಿಗಿಂತ ಮೊದಲೇ ಬಸ್ ಹತ್ತಿ ಹೋಗಿರುತ್ತಿತ್ತು. ಕೆಲವು ಮಾಲಕರು ನನ್ನನ್ನೇ ಕೇಳಿದರು, ಅವನು ಹೇಗೆ ಎಂದು. ನಾನು "ಹುಡುಗ ಚಲೋ ಅದಾನ್ರಿ" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಹಾಗೆ ಹೇಳಿ ಸುಮ್ಮನಾದರೆ ಏನರ್ಥ ಎಂಬುದು ಕೇಳಿದವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮರುವರ್ಷ ಹತ್ತಿ ಬಿಡಿಸುವ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನಲ್ಲಿ ಅವನ ಮಗಳನ್ನು ಕಂಡೆ. ಅವಳು ಒಂಬತ್ತನೆಯ ತರಗತಿಯಲ್ಲಿ ಇರಬೇಕಾಗಿತ್ತು. ನನ್ನನ್ನು ಗುರುತು ಹಿಡಿದು 'ಕಾಕಾ' ಎಂದು ಕೈ ಮಾಡಿದಳು. ನಾನು ಬೇರೆ ಕಡೆ ಮುಖ ತಿರುಗಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ಯಾರು ಎಲ್ಲಿ ಅವನ ಊರಿನ ಹೆಸರು ಹೇಳಿದರೂ ಸಾಕು, ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಅದಾಗಿ ಎರಡು ಹಂಗಾಮು ಕಳೆದವು. ಹೊಸ ಯಂತ್ರಗಳ ಸುದ್ದಿ ಬಂತು. ಹತ್ತಿಯನ್ನು ಗಾಳಿಯಿಂದ ಎಳೆದುಕೊಳ್ಳುವವು, ಅಳತೆ-ಲೆಕ್ಕ ಬರೆದಿಡಬೇಕಾದವು. ಅವುಗಳೊಳಗೂ ಚರ್ಮದ ರೋಲರ್ ಮತ್ತು ಬ್ಲೇಡು ಇದ್ದೇ ಇದ್ದವು. ಒಬ್ಬ ಮಿಸ್ತ್ರಿಯನ್ನು ನಾಲ್ಕು ಊರು ಹಂಚಿಕೊಂಡು ನಡೆಯುವ ಕಾಲ ಮುಗಿಯಿತೆಂದು ಮಾಲಕರೆಲ್ಲ ಸೇರಿ, ಊರಿನ ಒಂದು ತರಬೇತಿ ಕೇಂದ್ರದಲ್ಲಿ ರವಿವಾರದ ಕ್ಲಾಸು ಶುರು ಮಾಡಿಸಿದರು. ಹಳೆಯ ಯಂತ್ರವೊಂದನ್ನು ತಂದು ಅಲ್ಲಿ ನಿಲ್ಲಿಸಿದರು. ಕಲಿಸಲು ನಾನು. ಸರ್ಟಿಫಿಕೇಟಿಲ್ಲದವನು ಸರ್ಟಿಫಿಕೇಟು ಕೊಡುವ ಕ್ಲಾಸಿನ ಗುರು! ಒಪ್ಪಿಕೊಂಡದ್ದೂ ಆ 'ರಿ'ಯ ಆಸೆಗೇ.

ಹೆಸರು ಬರೆಸುವ ದಿನ ಕೇಂದ್ರದ ಮುಖ್ಯಸ್ಥರು ನನ್ನನ್ನು ಕೋಣೆಗೆ ಕರೆದರು. ಹುಬ್ಬಳ್ಳಿಯಿಂದ ಬಂದವರು, ಕಾಗದದ ಮನುಷ್ಯ, ಆದರೆ ಪ್ರಾಮಾಣಿಕರು.

"ಉಗರಗೋಳದಿಂದ ಒಬ್ಬ ಬಂದಾನ್ರಿ. ವಯಸ್ಸಾಗೇತಿ, ಕೈ ಬ್ಯಾರೆ ಸುಟ್ಟೈತಿ. ಇವನನ್ನ ತಗೋಬ್ಯಾಡ್ರಿ ಅಂತ ಮಾಲಕರು ಹೇಳಿ ಕಳಿಸ್ಯಾರ. ನೀವೇನಂತೀರಿ?"

ಕಿಟಕಿಯಿಂದ ನೋಡಿದೆ. ಅಂಗಳದ ಬೇವಿನ ಗಿಡದ ಕೆಳಗೆ ತನಗಿಂತ ಹತ್ತು-ಹನ್ನೆರಡು ವರ್ಷ ಚಿಕ್ಕವರ ಸಾಲಿನಲ್ಲಿ ನಿಂತಿದ್ದ. ಎಡಗೈಯಲ್ಲಿ ಅರ್ಜಿ ಹಿಡಿದಿದ್ದ. ಎಂಟು ವರ್ಷ ದುಡಿದ ಕೆಲಸವನ್ನು ಮತ್ತೆ ಮೊದಲಿನಿಂದ ಕಲಿಯಲು ಬಂದಿದ್ದ. ತಾನು ಎಲ್ಲಿ ತಪ್ಪಿದೆ ಎಂದು ತಿಳಿದುಕೊಳ್ಳಲು ಬಂದಿದ್ದಾನೆ ಎಂದು ನನಗೆ ಹೊಳೆಯಿತು. "ತಗೋರಿ. ಜವಾಬ್ದಾರಿ ನಂದು" ಎಂದೆ.

ನಾಲ್ಕು ರವಿವಾರ ಬೆಲ್ಟು, ಬೇರಿಂಗು, ಗ್ರೀಸು ಎಂದು ಹೇಗೋ ತಳ್ಳಿದೆ. ಅವನು ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಎಡಗೈಯಿಂದ ಬರೆದುಕೊಳ್ಳುತ್ತಿದ್ದ. ಅಕ್ಷರ ಕುಂಟುತ್ತಿದ್ದವು. ಐದನೆಯ ರವಿವಾರ ಸೆಟ್ಟಿಂಗಿನ ಪಾಠ. ಮುಖ್ಯಸ್ಥರೂ ಬಂದು ಕುರ್ಚಿ ಹಾಕಿಕೊಂಡು ಕೂತರು. ಒಂದೊಂದು ಹಂತವನ್ನೂ ಬೋರ್ಡಿನ ಮೇಲೆ ಬರೆಯಬೇಕು, ಆಮೇಲೆ ಯಂತ್ರದ ಮೇಲೆ ಮಾಡಿ ತೋರಿಸಬೇಕು ಎಂಬುದು ಅವರ ನಿಯಮ.

ನಾನು ಬರೆದೆ. ಬ್ಲೇಡು ಒರೆಸುವುದು. ರೋಲರಿನ ಗೆರೆ ನೋಡುವುದು. ಎರಡೂ ಬದಿಯ ಬೋಲ್ಟು ಸಮ ಮಾಡುವುದು. ಕಡೆಯ ಅರ್ಧ ಸುತ್ತು ಬಿಗಿಯುವುದು. ಅಲ್ಲಿಗೆ ಸುಣ್ಣದಕಡ್ಡಿ ನಿಂತಿತು. ಯಂತ್ರದ ಹತ್ತಿರ ಹೋಗಿ ಅಷ್ಟನ್ನೂ ಮಾಡಿ ತೋರಿಸಿದೆ. ಹಲ್ಲು ಕಚ್ಚಿ ಬಿಗಿದೆ, ಕೈ ಒರೆಸಿಕೊಂಡೆ.

"ಮುಗೀತೇನ್ರಿ?" ಎಂದರು ಮುಖ್ಯಸ್ಥರು. "ಎಲ್ಲಾರೂ ಬರಕೊಳ್ರಪಾ."

ಹದಿನಾಲ್ಕು ಮಂದಿ ತಲೆ ಬಗ್ಗಿಸಿದರು. ಹದಿಮೂರು ಪೆನ್ನು ಓಡತೊಡಗಿದವು. ಅವನೊಬ್ಬ ಬರೆಯಲಿಲ್ಲ. ಬೋರ್ಡು ನೋಡಿದ, ತನ್ನ ಬಲ ಅಂಗೈ ನೋಡಿಕೊಂಡ, ಮತ್ತೆ ಬೋರ್ಡು ನೋಡಿದ. ತಾನು ಮಾಡಿದ್ದೂ ಇಷ್ಟೇ ಅಲ್ಲವೇ ಎಂದು ಮುಖದಲ್ಲೇ ಕೇಳುತ್ತಿದ್ದ. ಈ ಹದಿನಾಲ್ಕು ಮಂದಿ ಹದಿನಾಲ್ಕು ಜಿನ್ನುಗಳಿಗೆ ಹೋಗುತ್ತಾರೆ. ನನ್ನ ಬೋರ್ಡಿನಲ್ಲಿ ಇದ್ದಂತೆ ಮಾಡುತ್ತಾರೆ. ಎಲ್ಲರ ಅಂಗೈಯೂ ನನ್ನ ಕಣ್ಣ ಮುಂದೆ ಬಂತು. ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲೂ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು: ಇವರನ್ನು ಚಹಾಕ್ಕೆ ಬಿಟ್ಟರೆ, ಬರುವಷ್ಟರಲ್ಲಿ ಬೋಲ್ಟು ಸಡಿಲಿಸಿ ಯಂತ್ರ ಓಡಿಸಿ ತೋರಿಸಬಹುದು.

"ಇನ್ನೂ ಮುಗದಿಲ್ರಿ" ಎಂದೆ. ಯಾರು ಹೇಳಿದರು ಎಂದು ನಾನೇ ಒಮ್ಮೆ ಹೊರಳಿ ನೋಡಿದೆ. ಪಾನಾ ಹಾಕಿ, ಬಿಗಿದ ಅರ್ಧ ಸುತ್ತನ್ನು ಹಿಂದಕ್ಕೆ ತಿರುಗಿಸಿದೆ. ಯಂತ್ರ ಬರಿದೇ ಓಡಿಸಿ, ನಿಲ್ಲಿಸಿ, ಮುಂಗೈಯನ್ನು ಚರ್ಮಕ್ಕೆ ತಾಗಿಸಿದೆ. "ಇದನ್ನ ಮಾಡದಿದ್ರ ಬೆಂಕಿ ಬೀಳತೈತಿ. ದಪ್ಪ ಅಕ್ಷರದಾಗ ಬರಕೊಳ್ರಿ."

ಅವನು ಎದ್ದು ನಿಂತ.

"ಅಣ್ಣಾರ, ಇದು ಯಾವಾಗಿಂದ ಐತ್ರಿ?"

"ಮೊದಲಿಂದಽ ಐತಿ."

"ಎಂಟ ವರ್ಷ ನೋಡೇನ್ರಿ. ಒಮ್ಮೆರೇ ನೋಡಿಲ್ಲ."

"ನಿನ್ನ ಹೊರಗ ಕಳಿಸಿ ಮಾಡತಿದ್ದೆ, ತಮ್ಮಾ."

ಪೆನ್ನುಗಳ ಸಪ್ಪಳ ನಿಂತಿತು. ಮುಖ್ಯಸ್ಥರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ಇಡೀ ಕ್ಲಾಸಿನ ಮುಂದೆ ಹೇಳಿದೆ: ಆ ಬೆಂಕಿ ಇವನದಲ್ಲ, ನನ್ನದು, ಇವನು ನಾನು ತೋರಿಸಿದಂತೆಯೇ ಮಾಡಿದ, ನಾನು ಅರ್ಧವನ್ನೇ ತೋರಿಸಿದ್ದೆ. ಅವನು ಕೂತು, ಪೆನ್ನು ತೆಗೆದು, ಕಡೆಯ ಹಂತವನ್ನು ಬರೆದುಕೊಂಡ.

ಅದೇ ಮಧ್ಯಾಹ್ನ ಮಾಲಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಬಿಡಿಸುತ್ತಾರೆ, ನಾಲ್ಕು ಊರಿಗೂ ಹೇಳಿ ಕಳಿಸುತ್ತಾರೆ ಎಂದು ತಯಾರಾಗಿಯೇ ಹೋಗಿದ್ದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಮಿಸ್ತ್ರೀ, ಈ ಮಾತು ಇಲ್ಲಿಗೇ ಬಿಡ್ರಿ. ನಾಳೆ ಯರಗಟ್ಟ್ಯಾಗ ಎರಡು ಮಷೀನ್ ನಿಂತಾವ. ನಿಮ್ಮನ್ನ ಬಿಟ್ರ ಮತ್ತ ಯಾರದಾರ?"

"ಹಂಗಾರ ಅವನ್ನರೇ ವಾಪಸ್ ತಗೋರಿ ಸಾವ್ಕಾರ್ರ."

"ಊರಿಗೆಲ್ಲಾ ಬೆಂಕಿ ಹಚ್ಚಿದವ ಅಂತ ಗೊತ್ತಾಗೇತಿ. ಈಗ ಹೊಳ್ಳಿ ತಗೊಂಡ್ರ ನನ್ನ ಮರ್ಯಾದಿ ಏನಾಗಬೇಕು?"

ಶಿಕ್ಷೆ ಬೇಡಲು ಹೋದವನಿಗೆ ಬಿಸಿ ಬಿಸಿ ಉಪ್ಪಿಟ್ಟು ಸಿಕ್ಕಿತು. ತಿನ್ನಲಾಗಲಿಲ್ಲ. ತಪ್ಪು ಯಾರದು ಎಂಬುದು ಅವರಿಗೆ ಬೇಕಾಗಿಯೇ ಇರಲಿಲ್ಲ. ಯಾರಿಲ್ಲದಿದ್ದರೆ ಯಂತ್ರ ನಿಲ್ಲುತ್ತದೆ ಎಂಬುದಷ್ಟೇ ಬೇಕಾಗಿತ್ತು. ಒಬ್ಬನೇ ಇದ್ದೆ, ಅದಕ್ಕೆ ನಾನು ಬಚಾವು.

ಬಸ್‌ಸ್ಟ್ಯಾಂಡಿನಲ್ಲಿ ಸವದತ್ತಿ ಬಸ್ಸಿಗೆ ಕಾಯುತ್ತಿದ್ದ ಅವನಿಗೆ ಇದನ್ನೂ ಹೇಳಿದೆ. ನನ್ನ ಮುಖಕ್ಕೆ ಉಗುಳಿದ್ದರೆ ಹಗುರಾಗುತ್ತಿತ್ತು. ಅವನು ಬಸ್ಸಿನ ಬೋರ್ಡು ಓದುತ್ತಲೇ ಮಾತಾಡಿದ.

"ನಿಮ್ಮನ್ನ ಕೇಳೂದೊಂದು ಐತ್ರಿ. ಈಗ ಕೇಳೂದಿಲ್ಲ. ನೀವು ಒಬ್ಬರಽ ಅದೀರಂತ ಅವರೂ ನಿಮಗ ಏನೂ ಅನ್ನೂದಿಲ್ಲ, ನಾನೂ ಅನ್ನಾಕ ಬರೂದಿಲ್ಲ. ನಿಮ್ಮ ಕೈಯಾಗ ನಾ ಇನ್ನೂ ಕಲಿಯೂದೈತಿ. ಮೊದಲ ಹತ್ತ ಮಂದಿ ತಯಾರಾಗ್ಲಿ. ಆಮ್ಯಾಲೆ ಕೇಳತೇನಿ."

ಆ ಮೇಲಿನ ರವಿವಾರಗಳಲ್ಲಿ ನಾನು ಹುಚ್ಚನಂತೆ ಕಲಿಸಿದೆ. ಉಸ್ತಾದರು ಹೇಳಿದ್ದು, ಹೇಳದೆ ಹೋದದ್ದು, ನಾನೇ ಸುಟ್ಟುಕೊಂಡು ಕಂಡುಕೊಂಡದ್ದು, ಒಂದನ್ನೂ ಉಳಿಸಿಕೊಳ್ಳಲಿಲ್ಲ. ಒಂದೊಂದು ಗುಟ್ಟು ಬಿಚ್ಚಿದಾಗಲೂ ಒಳಗೆ ಹೆದರಿಕೆ ಆಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಹನ್ನೊಂದು ಮಂದಿ ಪಾಸಾದರು. ಎಡಗೈಯಲ್ಲಿ ಪಾನಾ ಹಿಡಿದೇ ಅವನು ಮೊದಲನೆಯವನಾದ. ಕಟಕೋಳದ ಒಬ್ಬ, ಕಿತ್ತೂರಿನ ಇಬ್ಬರು ಹೊಸ ಯಂತ್ರಗಳಿಗೆ ಹೋದರು. ಸರ್ಟಿಫಿಕೇಟು ನೋಡಿದ ಮೇಲೆ ರಾಮದುರ್ಗದ ಕಡೆಯ ಒಂದು ಜಿನ್ನಿನವರು ಅವನನ್ನೂ ಫಿಟ್ಟರ್ ಎಂದು ಇಟ್ಟುಕೊಂಡರು. ಮಗಳು ಮಾತ್ರ ಮತ್ತೆ ಶಾಲೆಗೆ ಹೋಗಲಿಲ್ಲ. ಆಗಲೇ ಅವಳ ಲಗ್ನ ಗೊತ್ತಾಗಿತ್ತು.

ಎರಡು ವರ್ಷದ ನಂತರ ನಮ್ಮ ಜಿನ್ನಿಗೂ ಹೊಸ ಯಂತ್ರ ಬಂತು, ಅದರೊಂದಿಗೆ ನನ್ನದೇ ಕ್ಲಾಸಿನಲ್ಲಿ ಕಲಿತ ಇಬ್ಬರು ಬಂದರು. ಮಾಲಕರು ನನಗೆ ಶಾಲು ಹೊದಿಸಿ, ಕೈಯಲ್ಲಿ ಕಾಯಿ ಇಟ್ಟು, "ಬಾಳ ದುಡದೀರಿ, ಇನ್ನ ಆರಾಮ ಇರ್ರಿ" ಎಂದರು. ನಾಲ್ಕು ಊರುಗಳಿಂದ ಕರೆ ಬರುವುದು ಒಂದೇ ತಿಂಗಳಲ್ಲಿ ನಿಂತಿತು.

ಅವನು ಆ ವಾರವೇ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂತ. ಒಳಗೆ ಬಾ ಎಂದರೆ ಬರಲಿಲ್ಲ.

"ಈಗ ಕೇಳತೇನ್ರಿ. ನನಗ ಯಾಕ ಹಂಗ ಮಾಡಿದ್ರಿ?"

ಎಷ್ಟು ಉತ್ತರ ತಯಾರು ಮಾಡಿಟ್ಟಿದ್ದೆ. ಕಸಬಿನ ಪದ್ಧತಿ, ಉಸ್ತಾದರು ಹೇಳಿದ ಮಾತು, ಹಿಂದೆ ನಿಂತಿದ್ದ ಇಪ್ಪತ್ತು ಜನ. ಅವನ ಮುಂದೆ ಕೂತಾಗ ಅವೆಲ್ಲ ಬರೀ ನೆಪ ಅನಿಸಿದವು.

"ಅಂಜಿದೆ ತಮ್ಮಾ. ನಿನ್ನ ಕೈ ನನಗಿಂತ ಚಲೋ ಇತ್ತು. ನೀ ಪೂರಾ ಕಲತರ ನನ್ನ ಯಾರೂ ಕೇಳೂದಿಲ್ಲಂತ ಅಂಜಿದೆ."

"ಅಷ್ಟಽ ಏನ್ರಿ?"

"ಅಷ್ಟಽ."

ಅವನಿಗೆ ಸಿಟ್ಟು ಬರುತ್ತದೆ ಎಂದು ಕಾದೆ. ಅವನ ಕಣ್ಣು ತುಂಬಿಕೊಂಡಿತು.

"ಆ ಕ್ಲಾಸಿನ ದಿವಸದಿಂದ ಹುಡುಕ್ಯಾಡಾಕತ್ತೇನ್ರಿ ಅಣ್ಣಾರ. ನಾ ಏನರೇ ಎದುರ ಮಾತಾಡಿದ್ನ್ಯಾ, ನಿಮ್ಮ ಮನಸಿಗೆ ಹತ್ತೂವಂಗ ಏನರೇ ಅಂದಿದ್ನ್ಯಾ, ಏನ ತಪ್ಪ ಮಾಡಿದ್ದಕ್ಕ ಇವರು ನನಗ ಹಿಂಗ ಮಾಡಿದ್ರು ಅಂತ. ಒಂದೊಂದ ದಿವಸ ನೆನಸಿ ನೆನಸಿ ನೋಡೇನ್ರಿ. ನಂದು ಏನೂ ಸಿಗಲಿಲ್ಲ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ರಾಮದುರ್ಗದ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನನ್ನ ಹೆಂಡತಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವನು ಅವಳಿಗೆ ಕೈ ಮುಗಿದ, ನೀರು ಕುಡಿಯದೆ ಹೋದ.